ಬೀಳ್ಕೊಡುಗೆಯ ಊಟ

ಭಾಷಣದ ಮಧ್ಯೆ ಹೊಟ್ಟೆ ಗುರ್ ಎಂದುಬಿಟ್ಟರೆ?

ಮೂರನೇ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದ ತಂಗಿಗೆ ಅದೊಂದೇ ಚಿಂತೆ. ಕರೆಯದೆ ಬಂದವರ ಹೊಟ್ಟೆಯೇ ಹೆಚ್ಚು ಜೋರಾಗಿ ಕೂಗುತ್ತದೆಂದು ಅವಳ ನಂಬಿಕೆ.

"ನೆಟ್ಟಗೆ ಕೂತ್ಕೋ," ಪಕ್ಕದಲ್ಲಿದ್ದ ಅಕ್ಕ ತುಟಿ ಅಲ್ಲಾಡಿಸದೆ ಹೇಳಿದಳು. "ಹಾಗೆ ಮುದುಡ್ಕೊಂಡ್ರೆ ಯಾರಾದ್ರೂ ಬಂದು ಯಾರಮ್ಮ ನೀನು ಅಂತಾರೆ."

"ಅಂದ್ರೆ ಏನು ಹೇಳ್ಲಿ?"

"ಏನೂ ಹೇಳ್ಬೇಡ. ‘ಅಯ್ಯೋ, ಗುರುತೇ ಸಿಗ್ಲಿಲ್ವಾ?’ ಅನ್ನು. ಅವರೇ ನಾಚ್ಕೊಂಡು ಹೋಗ್ತಾರೆ."

ಅಕ್ಕ ಬಟ್ಟೆ ಹೊಲಿಯುವವಳು. ತಂಗಿ ಪದವೀಧರೆ, ಅಂದರೆ ಸದ್ಯಕ್ಕೆ ಮನೆಯಲ್ಲಿರುವವಳು. ತಂಗಿಗೆ ಕೆಲಸ ಸಿಗುವವರೆಗೆ ಹೋಟೆಲಿಗೂ ಸಿನಿಮಾಕ್ಕೂ ಬಿಡಿಗಾಸು ಬಿಚ್ಚಕೂಡದೆಂದು ಅಕ್ಕನ ಕಟ್ಟಪ್ಪಣೆ. ಹಾಗೆಂದು ಬಾಯಿ ಕಟ್ಟಿಕೊಂಡು ಕೂರುವ ಪೈಕಿಯೂ ಅಲ್ಲ ಅವಳು. ಊರಿನಲ್ಲಿ ಉದ್ಘಾಟನೆ, ಬಿಡುಗಡೆ, ಬೀಳ್ಕೊಡುಗೆಗಳಿಗೆ ಬರವೇ? ಭಾಷಣವೇ ಸಿನಿಮಾ, ಆಮೇಲೆ ಊಟ. ಇಸ್ತ್ರಿ ಮಾಡಿದ ಬಟ್ಟೆ ಇರಬೇಕು, ಕಂಕುಳಲ್ಲೊಂದು ಫೈಲು ಇರಬೇಕು. ಬಾಗಿಲಲ್ಲಿ ಯಾವನೂ ತಡೆಯುವುದಿಲ್ಲ.

ಇಂದು ವಿಮಾ ಕಂಪನಿಯೊಂದರ ಶಾಖೆಯವರು ಮುಖ್ಯ ಕಚೇರಿಯ ದೊಡ್ಡ ಅಧಿಕಾರಿಗೆ ನಿವೃತ್ತಿಯ ಸನ್ಮಾನ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಕೋಟು ತೊಟ್ಟ, ನರೆಗೂದಲಿನ ಹಿರಿಯರು ಹೂಗುಚ್ಛ ಹಿಡಿದು ಕೂತಿದ್ದರು. ಹಿಂದುಗಡೆ ಯಾರೋ ಪಾತ್ರೆಯ ಮುಚ್ಚಳ ತೆಗೆದರು. ಪರಿಮಳ ಸಭೆಯ ಮೇಲೆ ಹಾದು ವೇದಿಕೆ ಮುಟ್ಟಿತು. ಹಿರಿಯರ ಮೂಗು ಅರಳಿತು.

"ಇಷ್ಟು ವರ್ಷ ಬರೀ ಫೋನಲ್ಲೇ ಕೆಲಸ ಆಯ್ತು," ಶಾಖೆಯ ಮ್ಯಾನೇಜರ್ ಮೈಕಿನ ಮುಂದೆ ಗದ್ಗದರಾದರು. "ಸಾಹೇಬರ ಮುಖ ಕಂಡಿದ್ದು ಇವತ್ತೇ. ಫೋನಲ್ಲಿ ಹುಲಿ, ಎದುರಿಗೆ ಹಸು! ಬಾಗಿಲಲ್ಲಿ ಹೂ ಕೊಟ್ರೆ ‘ನನಗಲ್ಲ, ನನಗಲ್ಲ’ ಅಂದ್ರು. ಎಂಥ ಸರಳತೆ!"

ಚಪ್ಪಾಳೆ. ಹಿರಿಯರು ತಲೆ ತಗ್ಗಿಸಿದರು. ಮತ್ತೆ ಎತ್ತಿದಾಗ ಅವರ ಕಣ್ಣು ನೇರ ತಂಗಿಯ ಮೇಲೆ ಬಿತ್ತು. ಅಲ್ಲೇ ನಿಂತಿತು.

ತಂಗಿ ನೆಲ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಕದ್ದು ನೋಡಿದರೆ, ಅವರು ಬಾಗಿಲು ನೋಡುತ್ತಿದ್ದಾರೆ. ಬಾಗಿಲಿನಿಂದ ಅವಳತ್ತ. ಅವಳಿಂದ ಮತ್ತೆ ಬಾಗಿಲಿನತ್ತ.

"ಅಕ್ಕಾ, ಅವರಿಗೆ ಗೊತ್ತಾಗೋಗಿದೆ. ಆಚೆ ಹೋಗು ಅಂತ ಸನ್ನೆ ಮಾಡ್ತಿದ್ದಾರೆ."

"ಸುಮ್ನಿರೇ. ವಿಮೆಯವರು ಎಲ್ಲರನ್ನೂ ಹಾಗೇ ನೋಡೋದು. ಇವಳು ಎಷ್ಟು ದಿನ ಬಾಳ್ತಾಳೆ ಅಂತ."

"ಹೋಗೋಣ ಬಾರೇ. ಎಲ್ಲರ ಮುಂದೆ ಹಿಡಿದು ಕಳಿಸಿದ್ರೆ ನಾನು ಮತ್ತೆ ಬೀದೀಲಿ ತಲೆ ಎತ್ತಲ್ಲ."

"ಈಗೇನು ಎತ್ತಿದೀಯಾ? ಊಟದ ವಾಸನೆ ಬಂದ ಮೇಲೆ ಎದ್ದು ಹೋದ್ರೆ ಪಾಪ ಸುತ್ಕೊಳ್ಳುತ್ತೆ. ಕೂತ್ಕೋ."

ಹಿರಿಯರ ನೋಟ ಹೋದ ದಾರಿಯಲ್ಲೇ ಮ್ಯಾನೇಜರರ ನೋಟವೂ ಬಂತು. ಅವರ ಮುಖ ಊರಗಲವಾಯಿತು.

"ಓಹೋ! ಸಾಹೇಬರ ಕಣ್ಣೆಲ್ಲ ಯಾಕೆ ಅಲ್ಲೇ ಇದೆ ಅಂತ ಈಗ ಗೊತ್ತಾಯ್ತು. ಫೋನಲ್ಲಿ ಯಾವಾಗ್ಲೂ ಮಗಳು, ಮಗಳು ಅಂತಿದ್ರಲ್ಲ, ಅವರೇ ಇವರು! ಬನ್ನಿ ಅಮ್ಮ, ಅಪ್ಪನ ಬಗ್ಗೆ ಎರಡು ಮಾತು!"

ಇಡೀ ಸಭೆ ತಿರುಗಿತು. ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಖಾಲಿ ಫೈಲು ತೆರೆದು ಅದರೊಳಗೆ ಮುಖ ಹುದುಗಿಸಿದ್ದಳು.

"ಹೋಗೇ," ಫೈಲು ಪಿಸುಗುಟ್ಟಿತು. "ಒಳ್ಳೆಯವರು ಅಂದ್ಬಿಟ್ಟು ಬಾ. ಸತ್ತವರಿಗೂ ರಿಟೈರ್ ಆದವರಿಗೂ ಹೇಳೋದು ಅಷ್ಟೇ."

ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಬಾಯಿ ತೆರೆಯದೆ ಕೈ ಎತ್ತಿದವಳು ಅವಳು. ಹೇಗೆ ವೇದಿಕೆ ಹತ್ತಿದಳೋ ಅವಳಿಗೇ ತಿಳಿಯದು. ಮೈಕು ಹಲ್ಲಿಗೆ ತಾಗಿ ಟಕ್ ಎಂದಿತು. ಹೌದೆಂದರೆ ನಿಜವಾದ ಮಗಳು ಯಾವ ಗಳಿಗೆಯಲ್ಲಾದರೂ ಬಂದಾಳು. ಇಲ್ಲವೆಂದರೆ ಮುಂದಿನ ಪ್ರಶ್ನೆ, ಮತ್ತೆ ನೀನ್ಯಾರು?

ಹಿರಿಯರು ಕುರ್ಚಿಯಿಂದ ಅವಳತ್ತ ಬಾಗಿದರು. ಹೊರದಬ್ಬುವ ಮಾತೇ ಬಂತೆಂದು ಅವಳು ಕಣ್ಣು ಮುಚ್ಚಿದಳು.

"ಒಳ್ಳೆಯವರು ಅಂದ್ಬಿಡಮ್ಮ," ಅವರು ತುಟಿ ಅಲ್ಲಾಡಿಸದೆ ಹೇಳಿದರು. "ಬೇಗ ಮುಗಿಸು. ಊಟ ಆರೋಗುತ್ತೆ."

ಅವಳು ಕಣ್ಣು ತೆರೆದಳು. ಬಂದಾಗಿನಿಂದ ಮೊದಲ ಸಲ ಅವರ ಮುಖವನ್ನು ಹತ್ತಿರದಿಂದ, ಪೂರ್ತಿಯಾಗಿ ನೋಡಿದಳು.

"ಹೇಳಿ ಅಮ್ಮ, ಹೇಳಿ!" ಎಂದರು ಮ್ಯಾನೇಜರ್.

ತಂಗಿ ಒಂದು ಸುಳ್ಳಿಗಾಗಿ ಒಳಗೆಲ್ಲ ತಡಕಾಡಿದಳು. ಸಿಗಲಿಲ್ಲ.

"ಇವರು ನಮ್ಮಪ್ಪ ಅಲ್ಲ, ನಿಮ್ಮ ಸಾಹೇಬರೂ ಅಲ್ಲ. ಹೋದ ವಾರ ಚಿತ್ರ ಪ್ರದರ್ಶನದಲ್ಲಿ, ಅದರ ಹಿಂದಿನ ವಾರ ಅಂಗಡಿ ಉದ್ಘಾಟನೆಯಲ್ಲಿ, ನಮ್ಮ ಹಾಗೇ ಕರೀದೆ ಬಂದು, ಊಟದ ಸಾಲಲ್ಲಿ ನನಗಿಂತ ಮುಂದೆ ನಿಂತಿದ್ದೋರು."