"ಪಶ್ಚಾತ್ತಾಪ ಕಾಣಲಿಲ್ಲ" ಎಂದು ಬರೆದ ಪ್ರೊಫೆಸರ್

ಮೊದಲೇ ಹೇಳಿಬಿಡುತ್ತೇನೆ... ಇದನ್ನು ಓದಿದ ಮೇಲೆ ನೀವು ಹಾಯಾಗಿ ಟೀ ಕುಡಿಯಲಿಕ್ಕೆ ಆಗಲಿಕ್ಕಿಲ್ಲ. ನನಗಂತೂ ಆಗಲಿಲ್ಲ.

ಧಾರವಾಡದಲ್ಲಿ ಒಬ್ಬ ಪ್ರೊಫೆಸರ್... ಡಾ. ಗಂಗಾಂಬಿಕಾ ಯಲಿಗಾರ. ಹೇಳಿಕೊಡುವುದು ಫೊರೆನ್ಸಿಕ್ ಸೈಕಾಲಜಿ. ಅಂದರೆ, ಅಪರಾಧ ಮಾಡಿದವರ ಮನಸ್ಸು ಅರಿಯುವ ವಿದ್ಯೆ.

ಪೊಲೀಸರ ಕೈಗೆ ಸಿಕ್ಕ ಹದಿಹರೆಯದ ಮಕ್ಕಳ ಜೊತೆ ಕೂತು ಮಾತಾಡಿ, ಬಾಲ ನ್ಯಾಯ ಮಂಡಳಿಗೆ ಇಪ್ಪತ್ತಾರು ವರ್ಷ ವರದಿ ಬರೆದವರು. "ಮುಖ ನೋಡಿ ಮಣೆ ಹಾಕಬ್ಯಾಡ್ರಿ" ಅಂತ ವಿದ್ಯಾರ್ಥಿಗಳಿಗೆ ದಿನಾ ಹೇಳುತ್ತಿದ್ದವರು.

ಒಂದು ಗುರುವಾರ ರಿಮ್ಯಾಂಡ್ ಹೋಮಿನಲ್ಲಿ ಅವರ ಮುಂದೆ ಕೂತವನು ಯಮನೂರ. ವಯಸ್ಸು ಹದಿನೇಳು.

ಕ್ರಿಕೆಟ್ ಆಡುವಾಗ ಜಗಳ ಬಂದು, ಜೀವದ ಗೆಳೆಯ ಬೀರೇಶನ ತಲೆಗೆ ಬ್ಯಾಟ್ ಬೀಸಿದ್ದ. ಒಂದೇ ಏಟು... ಬೀರೇಶ ಉಳಿಯಲಿಲ್ಲ.

ಇವನನ್ನು ಹುಡುಗ ಎಂದು ನೋಡಬೇಕೋ, ದೊಡ್ಡವರ ಕೋರ್ಟಿಗೆ ಕಳಿಸಬೇಕೋ? ಎಲ್ಲ ನಿಂತಿದ್ದು ಮೇಡಂ ವರದಿಯ ಮೇಲೆ.

"ಮಾಡಿದ್ದು ನೆನಸ್ಕೊಂಡ್ರ ಏನ್ ಅನಸ್ತೈತಪಾ?"

"ಏನಿಲ್ರಿ."

ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕೆಂಡದ ಮೇಲೆ ಕೂತವನ ಹಾಗೆ ಚಡಪಡಿಸುತ್ತಿದ್ದ... ಮತ್ತೆ ಮತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದ. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಎದ್ದೇ ನಿಂತ.

"ಹೋಗ್ಲೇನ್ರಿ ಮೇಡಮ್ರ?"

ಎಲಾ ಇವನ! ಗೆಳೆಯನ ಜೀವ ಹೋಗಿದೆ, ಇವನಿಗೆ ಊಟದ ಚಿಂತೆ! ಮೇಡಂಗೆ ಪಿತ್ತ ನೆತ್ತಿಗೇರಿತು. "ಪಶ್ಚಾತ್ತಾಪ ಕಾಣಲಿಲ್ಲ" ಎಂದು ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿ ಮಂಡಳಿಗೆ ಕಳಿಸಿಯೇಬಿಟ್ಟರು. ಅವನ ವಿಚಾರಣೆಗೆ ಮಂಡಳಿ ಸೇರುವುದು ಅವತ್ತೇ ಮೂರು ಗಂಟೆಗೆ.

ಹೊರಗೆ ಬಂದರೆ... ಭೇಟಿ ಕೋಣೆಯಿಂದ ಹೆಂಗಸಿನ ಕೂಗು.

"ನಿನ್ನ ಕೈ ಮುರದ್ ಹೋಗ್ಲಿ! ನನ್ನ ಮಗ ನಿನಗ ಏನ್ ಮಾಡಿದ್ದನೋ?"

ಯಮನೂರ ತಲೆ ತಗ್ಗಿಸಿ ನಿಂತಿದ್ದಾನೆ. ಆಕೆ ಅವನ ಎದೆಗೆ ಗುದ್ದುತ್ತಿದ್ದಾಳೆ. ಬಿಡಿಸಲು ಓಡಿದ ಮೇಡಂ ಅವರನ್ನು ವಾರ್ಡನ್ ಫಕೀರಪ್ಪ ತಡೆದ.

"ಬ್ಯಾಡ್ರಿ ಮೇಡಮ್ರ. ಆಕಿ ದುರ್ಗವ್ವ, ಸತ್ತ ಹುಡುಗನ ತಾಯಿ. ಪ್ರತಿ ಗುರುವಾರ ಹನ್ನೆರಡಕ್ಕ ಬರ್ತಾಳ್ರಿ, ಬೈದು, ಅತ್ತು ಹೋಗ್ತಾಳ. ನಿನಗ ಬ್ಯಾಡಾದ್ರ ಭೇಟಿಗೆ ಹೋಗಬ್ಯಾಡ ಅಂದ್ವಿ. ಈ ಹುಡುಗ ಕೇಳೂದಿಲ್ಲ. ನಾಕ್ ತಿಂಗಳಾತು, ಒಂದ್ ವಾರ ತಪ್ಪಿಸಿಲ್ರಿ."

ಆಕೆ ಹೋದ ಮೇಲೆ ಮೇಡಂ ಅವನ ಹತ್ತಿರ ಬಂದರು. "ಯಾಕೋ ತಮ್ಮಾ... ಯಾಕ್ ಬೈಸ್ಕೊಳ್ಳಾಕ ಬರ್ತಿ?"

"ನಾ ಬರ್ಲಿಲ್ಲಂದ್ರ ಆಕಿ ಯಾರಿಗೆ ಬೈಬೇಕ್ರಿ? ಮನ್ಯಾಗ ಮತ್ಯಾರೂ ಇಲ್ರಿ. ಬೀರೇಶ ಒಬ್ಬನ ಇದ್ದ."

"ಮತ್ತ ನನ್ನ ಮುಂದ ಏನಿಲ್ಲ ಅಂದೆಲ್ಲೋ?"

"ನನಗ ಏನ್ ಅನಿಸಿದ್ರೇನ್ರಿ ಮೇಡಮ್ರ... ಅಂವ ತಿರುಗಿ ಬರ್ತಾನೇನು?"

ಅಯ್ಯೋ, ಲಕೋಟೆ! ಮೇಡಂ ಸಿಕ್ಕ ಆಟೋ ಹತ್ತಿ ಮಂಡಳಿಗೆ ಓಡಿದರು. ಮೂರು ಗಂಟೆಯವರೆಗೆ ಕೂರಲಾರದೆ ಕಾರಿಡಾರಿನಲ್ಲೇ ಅತ್ತಿಂದಿತ್ತ ತಿರುಗಿದರು. ಮಂಡಳಿ ಸೇರುತ್ತಲೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಂತರು.

"ಸರ್, ನನ್ನ ವರದಿ ತಪ್ಪೈತಿ. ವಾಪಸ್ ಕೊಡ್ರಿ."

ಎದುರು ಕೂತ ಸರ್ಕಾರಿ ವಕೀಲರು ನಕ್ಕರು. "ಮುಂಜಾನಿ ಒಂದು, ಮಧ್ಯಾಹ್ನ ಒಂದಾ ಮೇಡಂ? ಹಂಗಾದ್ರ ನಿಮ್ಮ ಹಳೇ ವರದಿ ಎಲ್ಲಾ ನಂಬೂದು ಹ್ಯಾಂಗ?"

ಮೇಡಂ ಮುಖ ಕೆಂಪೇರಿತು. ಸುಳ್ಳು ಹೇಳಲಿಲ್ಲ.

"ಅದನ್ನ ನಾನೂ ಕೇಳ್ಕೊಳ್ಳಾಕತ್ತೇನ್ರಿ."

ಆಗ ವಿಚಾರಣೆ ಕೇಳಲು ಬಂದಿದ್ದ ದುರ್ಗವ್ವ ಹಿಂದಿನ ಬೆಂಚಿನಿಂದ ಎದ್ದು ನಿಂತಳು.

"ಸಾಹೇಬ್ರ... ಅವನ್ನ ದೂರ ಕಳಸಬ್ಯಾಡ್ರಿ. ಬೈತೇನಿ, ಹೊಡಿತೇನಿ, ಖರೆ. ಆದ್ರ ನನ್ನ ಮಗನ್ನ ನೆನಸಿ ಅಳಾಕ ನನ್ನ ಜೋಡಿ ಇರಾಂವ ಇಂವ ಒಬ್ಬನ..."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ವಿಚಾರಣೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಹೊಸದಾಗಿ ಮಾತಾಡಿಸಿ ಬರೆಯಿರಿ ಎಂದು ಮೇಡಂಗೆ ಹೇಳಿದರು.

ಮೇಡಂಗೆ ಅಷ್ಟಕ್ಕೇ ಮುಗಿಯಲಿಲ್ಲ. ಈಗ ಪ್ರತಿ ಭಾನುವಾರ ಹಳೆಯ ಒಂದೊಂದೇ ವರದಿ ತೆಗೆದು, ಆ ಮಕ್ಕಳು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗುತ್ತಿದ್ದಾರೆ...

*ಅಳದವರ ಎದೆಯಲ್ಲೂ ಅಳು ಇರುತ್ತದೆ... ಕೇಳುವ ತಾಳ್ಮೆ ನಮಗಿರಬೇಕು.*

ಒಂದೇ ನೋಟಕ್ಕೆ ತೀರ್ಪು ಬರೆದು ನೀವು ದೂರ ಇಟ್ಟವರು ಯಾರು? ಇವತ್ತು ಅವರಿಗೆ ಒಂದು ಫೋನ್ ಮಾಡುತ್ತೀರಾ?