ಬಿಗಿಬಾಯಿಯ ಕೋವಿ

"ಎರಡೂ ನಳಿಗೆಯ ಬಾಯಿ ಅಗಲ ಮಾಡಿಕೊಡಿ ಪರ್ಸಿ ಅಂಕಲ್," ಎಂದು ಗ್ವೆಂಡಾ ಒಂದರ ಮೇಲೊಂದು ನಳಿಗೆಯಿದ್ದ ಜೋಡುನಳಿಗೆ ಕೋವಿಯನ್ನು ಮೇಜಿನ ಮೇಲಿಟ್ಟಳು. ಹೋದ ಚಳಿಗಾಲದಲ್ಲಿ ತೀರಿಕೊಂಡ ಅವಳಪ್ಪ ಗ್ಲಿನ್‌ನ ಕೋವಿ ಅದು. ಕ್ಲನ್ ಕಣಿವೆಯಲ್ಲಿ ಐವತ್ತು ವರ್ಷದಿಂದ ಕೋವಿ ರಿಪೇರಿ ಮಾಡುತ್ತಿದ್ದ ಪರ್ಸಿ ಬೆಡ್ಡೋಸ್‌ಗೆ ಅದರ ಮೇಲಿನ ಒಂದೊಂದು ಗೀರೂ ಗೊತ್ತಿತ್ತು.

"ಯಾಕೆ, ಏನಾಯ್ತು?"

"ಭಾನುವಾರ ಪಂದ್ಯದಲ್ಲಿ ಗಾಳಿಗೆಸೆದ ಐವತ್ತು ಮಣ್ಣಿನ ಬಿಲ್ಲೆಯಲ್ಲಿ ಹೊಡೆದಿದ್ದು ಹದಿನಾಲ್ಕು. 'ಅಂಚೆಯವಳಲ್ವಾ, ಬಿಲ್ಲೆಗೊಂದು ಕಾಗದ ಹಾಕಿ ಹತ್ತಿರ ಕರಿ' ಅಂತ ಜೊತೆ ಆಡೋರು ನಗ್ತಾರೆ. ಅವರ ಕೋವಿಗಳಲ್ಲಿ ನಳಿಗೆ ಬಾಯಿಗೆ ಹಾಕೋ ಚೋಕ್ ಕೊಳವೆ ತಿರುಗಿಸಿ ತೆಗೆದು ಬದಲಾಯಿಸಬಹುದು. ಹತ್ತಿರದ ಬಿಲ್ಲೆಗೆ ಅಗಲದ್ದು, ದೂರದ್ದಕ್ಕೆ ಬಿಗಿಯಾದದ್ದು. ಇದರಲ್ಲಿ ಎರಡೂ ಬಾಯಿ ಬಿಗಿ, ಬದಲಾಯಿಸೋ ಹಾಗೂ ಇಲ್ಲ. ಸೀಸದ ಚರೆ ಹರಡೋದೇ ಇಲ್ಲ."

ಪರ್ಸಿ ನಳಿಗೆಯ ಬಾಯಿಯ ಒಳಗೆ ಬೆರಳಾಡಿಸಿದ. "ಕೊರೆದು ತೆಗೆದ ಉಕ್ಕನ್ನ ವಾಪಸ್ ಅಂಟಿಸೋಕೆ ನನ್ ಕೈಲಾಗಲ್ಲ ಮಗಾ. ಮೊದಲು ನೀನು ಹೊಡೆಯೋದನ್ನ ನೋಡ್ತೀನಿ. ನಡಿ."

ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ಓಕ್ ಮರದ ಮರೆಗೆ ಬಿಲ್ಲೆ ಎಸೆಯುವ ಯಂತ್ರವಿತ್ತು. ಪರ್ಸಿ ಅವಳ ಬೆನ್ನ ಹಿಂದೆ ನಿಂತು ಕೈಯಲ್ಲಿದ್ದ ಯಂತ್ರದ ಗುಂಡಿ ಒತ್ತಿದ. ಕಪ್ಪು ಬಿಲ್ಲೆ ಎಡದಿಂದ ಬಲಕ್ಕೆ ಹಾರಿತು. ಅವಳು ಹೊಡೆದಳು. ಬಿಲ್ಲೆ ಏನೂ ಆಗದಂತೆ ಹೋಗಿ ಜರೀಗಿಡಗಳ ನಡುವೆ ಬಿತ್ತು.

"ಚರೆ ಬಿಲ್ಲೆಗಿಂತ ಒಂದು ಗಜ ಹಿಂದೆ ಹೋಯ್ತು," ಎಂದ ಪರ್ಸಿ. ಮುಂದಿನದಕ್ಕೆ, "ಇದೂ ಹಿಂದೆ." ಮೂರನೆಯದಕ್ಕೆ, "ಹಿಂದೆ, ಒಂದು ಗೇಣು ಮೇಲೆ."

ಗ್ವೆಂಡಾಳಿಗೆ ರೇಗಿತು. "ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಿದ್ದೀರಾ?"

"ಚರೆ ಹೋಗೋದು ಕಾಣುತ್ತಲ್ಲ."

"ಕಾಣುತ್ತಾ! ಟೀಗೆ ಸಕ್ಕರೆ ಅಂತ ಉಪ್ಪು ಹಾಕ್ಕೊಂಡು ಕುಡಿಯೋರಿಗೆ?"

ಮುದುಕ ಕೋವಿ ತೆಗೆದುಕೊಂಡು ಗುಂಡಿಯನ್ನು ಅವಳ ಕೈಗೆ ಕೊಟ್ಟ. "ನನ್ ಭುಜದ ಮೇಲಿಂದ ನೋಡು. ಬಿಲ್ಲೆ ನೋಡ್ಬೇಡ. ನಳಿಗೆ ಮುಂದಿನ ಗಾಳಿ ನೋಡು."

ಅವಳು ಗುಂಡಿ ಒತ್ತಿದಳು, ಅವನು ಹೊಡೆದ. ಮೊದಲ ಸಲ ಅವಳ ಕಣ್ಣು ಬಿಲ್ಲೆಯ ಹಿಂದೆಯೇ ಓಡಿತು. ಎರಡನೇ ಸಲ ಸದ್ದಿಗೆ ರೆಪ್ಪೆ ಮುಚ್ಚಿತು. ಮೂರನೇ ಸಲ ಕಣ್ಣನ್ನು ಗಟ್ಟಿಯಾಗಿ ಆಕಾಶಕ್ಕೆ ನೆಟ್ಟಳು. ಸೆಪ್ಟೆಂಬರ್ ಸಂಜೆಯ ಬೆಳಕು ಬೆನ್ನ ಹಿಂದಿನಿಂದ ಬೀಳುತ್ತಿತ್ತು.

ಕಂಡಿತು. ನಳಿಗೆಯಿಂದ ಒಂದು ಹಿಡಿ ಬೂದು ನೆರಳು ಹೊರಟಿತ್ತು. ಜೇನುನೊಣಗಳ ಹಿಂಡಿನಂತೆ ಒಳಗೊಳಗೇ ನಡುಗುತ್ತ, ಆದರೆ ಒಟ್ಟಾಗಿ, ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುತ್ತಿತ್ತು. ಅದು ಹೋಗುತ್ತಿದ್ದ ಕಡೆ ಬಿಲ್ಲೆಯೇ ಇರಲಿಲ್ಲ, ಬರೀ ಆಕಾಶವಿತ್ತು. ಆ ಖಾಲಿ ಜಾಗಕ್ಕೆ ಬಿಲ್ಲೆ ತಾನಾಗಿ ಬಂತು. ಬಂದದ್ದೇ ತಡ, ಇಲ್ಲವಾಯಿತು. ಚೂರುಗಳೂ ಉದುರಲಿಲ್ಲ. ಮಸಿಯ ಪುಡಿಯೊಂದು ಗಾಳಿಯಲ್ಲಿ ನಿಂತು, ನಿಧಾನವಾಗಿ ಕಣಿವೆಯತ್ತ ತೇಲಿಹೋಯಿತು.

ಗ್ವೆಂಡಾ ಕೈಯಲ್ಲಿದ್ದ ಗುಂಡಿಯನ್ನು ಮರೆತು ನಿಂತಿದ್ದಳು.

"ಇನ್ನೊಂದ್ ಸಲ," ಎಂದಳು ಕೊನೆಗೆ.

ಹೀಗೆ ಇಪ್ಪತ್ತು ಸಲ ಆಯಿತು. ಹನ್ನೆರಡರಲ್ಲಿ ಅವಳಿಗೆ ಚರೆ ಕಂಡಿತು. ಆಮೇಲೆ ಅವಳೇ ಕೋವಿ ಹಿಡಿದು ಬಿಲ್ಲೆಗಿಂತ ಒಂದು ಗಜ ಮುಂದಿನ ಆಕಾಶಕ್ಕೆ ಹೊಡೆದಳು. ಬಿಲ್ಲೆ ಪುಡಿಯಾಯಿತು.

"ಹತ್ತಿರದ ಬಿಲ್ಲೆಗೆ ಅಗಲ ಬಾಯಿ ಬೇಕು, ನೀನು ಹೇಳಿದ್ದು ಸುಳ್ಳಲ್ಲ," ಎಂದ ಪರ್ಸಿ. "ಆದ್ರೆ ನಿನ್ನ ಗುರಿ ತಪ್ಪಿಸಿದ್ದು ಚೋಕ್ ಅಲ್ಲ."

"ಕೆಳಗಿನ ನಳಿಗೆ ಮಾತ್ರ ಅಗಲ ಮಾಡಿ. ಮೇಲಿನದನ್ನ ಮುಟ್ಟಬೇಡಿ, ದೂರದ ಬಿಲ್ಲೆಗೆ ಹಾಗೇ ಇರ್ಲಿ." ಅವಳು ಬಿಸಿಯಾದ ನಳಿಗೆಯ ಮೇಲೆ ಅಂಗೈ ಇಟ್ಟಳು. "ಚರೆ ಹೀಗೆ ಹಾರೋದನ್ನ ಅಪ್ಪ ನೋಡಿ ಎಷ್ಟು ಖುಷಿಪಟ್ಟಿರಬೇಕು ಅಲ್ವಾ?"

ಪರ್ಸಿ ಬಗ್ಗಿ ಖಾಲಿ ತೋಟಾಗಳನ್ನು ಹೆಕ್ಕುತ್ತಿದ್ದ.

"ಗ್ಲಿನ್ ನೋಡೇ ಇಲ್ಲ ಮಗಾ. ಹೊಡೆಯೋನಿಗೆ ಅದು ಕಾಣಲ್ಲ. ಮೂವತ್ತು ವರ್ಷ ಅವನ ಬೆನ್ನ ಹಿಂದೆ ನಿಂತು ನೋಡಿದೋನು ನಾನು."