ಭೂತಪ್ಪನ ಗಾಡಿ

ಕುಬಟೂರಿನ ಗುಡ್ಡಮ್ಮನ ಮನೆಯ ದೇವರ ಗೂಡಿಗೆ ಇಣುಕಿದ ಗುರುಪ್ರಕಾಶನಿಗೆ ಉಸಿರೇ ನಿಂತ ಹಾಗಾಯಿತು. ಅವನೇ! ತಲೆಗೆ ಟೋಪಿ, ಮೈಗೆ ಕೋಟು, ಮಡಚಿದ ಮೊಣಕಾಲು, ಮುಂದೆ ಚಾಚಿದ ಎರಡು ಕೈ. ಗೇಣುದ್ದವೂ ಇಲ್ಲದ ಆ ಎರಕದ ಕಬ್ಬಿಣದ ಆಳು ಅಕ್ಕಿ ಅಳೆಯುವ ಪಾವಿಗೆ ಒರಗಿ ಕುಳಿತಿದ್ದ. ಲಗಾಮು ಪೋಣಿಸಲೆಂದು ಮುಷ್ಟಿಯಲ್ಲಿ ಬಿಟ್ಟಿದ್ದ ತೂತುಗಳಿಗೆ ಒಂದೊಂದು ಊದುಬತ್ತಿ ಸಿಕ್ಕಿಸಿದ್ದರು.

ಶಿಕಾರಿಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಈ ಗುರುಪ್ರಕಾಶನಿಗೆ ಹಳೇ ಕಬ್ಬಿಣದ ಆಟಿಕೆಗಳ ಹುಚ್ಚು. ಹುಚ್ಚು ಅಂದರೆ ಅಂತಿಂಥದ್ದಲ್ಲ, ಹೆಂಡತಿ ಕೈಮುಗಿದು ಸುಮ್ಮನಾಗಿದ್ದಳು. ಹೊರದೇಶದ ಯಾವುದೋ ಕಂಪನಿ ನೂರು ವರ್ಷದ ಹಿಂದೆ ಎರಕ ಹೊಯ್ದ ಜೋಡಿ ಕುದುರೆಯ ಗಾಡಿಯೊಂದು ಅವನ ಅಂಗಡಿಯ ಶೋಕೇಸಿನಲ್ಲಿತ್ತು. ಎಲ್ಲ ಸರಿ, ಗಾಡಿ ಹೊಡೆಯುವವನೇ ಇಲ್ಲ. ಆ ಖಾಲಿ ಸೀಟನ್ನು ಅವನು ದಿನಾ ಬಟ್ಟೆಯಿಂದ ಒರೆಸಿಡುತ್ತಿದ್ದ. ಪೈಪು ಕೊಳ್ಳಲು ಬಂದಿದ್ದ ಗುಡ್ಡಮ್ಮನ ಸೊಸೆ ಕರುಣಾ ಆ ಗಾಡಿ ನೋಡಿ, "ನಮ್ಮನೆ ಭೂತಪ್ಪನೂ ಹಿಂಗೇ ಕಬ್ಬಿಣದವನು ಕಣ್ರೀ" ಎಂದು ಮೊಬೈಲಿನಲ್ಲಿ ಪೂಜೆಯ ಫೋಟೊ ತೋರಿಸಿದ್ದೇ ತಡ, ಗಾಡಿಯನ್ನು ಪೆಟ್ಟಿಗೆಗೆ ತುಂಬಿಕೊಂಡು, ಶೆಟರ್ ಎಳೆದು, ಅವಳಿಗಿಂತ ಮೊದಲೇ ಅವಳ ಊರು ಮುಟ್ಟಿದ್ದ.

"ಇದು ದೇವರಲ್ಲಮ್ಮ, ಆಟದ ಸಾಮಾನು. ಫಾರಿನ್ನಿಂದು," ಎಂದ.

"ನಮ್ಮತ್ತೆ ಕಾಲದಲ್ಲಿ ಗದ್ದೆ ಹೂಡೋವಾಗ ನೇಗಿಲಿಗೆ ಸಿಕ್ಕಿದ ಭೂತಪ್ಪ ಇವ. ಇವ ಮನೆಗೆ ಬಂದ್ಮೇಲೆ ನಮ್ದೊಂದು ಎಮ್ಮೆನೂ ಕಳೆದಿಲ್ಲ," ಎಂದಳು ಗುಡ್ಡಮ್ಮ. "ಆಟದ ಸಾಮಾನು ಎಮ್ಮೆ ಕಾಯ್ತದಾ?"

ಗುರುಪ್ರಕಾಶ ವರಸೆ ಬದಲಿಸಿದ. "ಇವನ್ನ ನನಗೆ ಕೊಡ್ರಿ. ಬದ್ಲಿಗೆ ಪಂಚಲೋಹದಾಗ ಇಷ್ಟೆತ್ತರದ ಭೂತಪ್ಪನ್ನ ಮಾಡಿಸಿಕೊಡ್ತೀನಿ."

"ಹಳೇ ಕುಕ್ಕರ್ ಕೊಟ್ಟು ಹೊಸಾದು ತಗಂಡಂಗೆ ಅಂದ್ಕಂಡ್ರಾ?"

ಇನ್ನು ಮಾತಿನಿಂದ ಆಗುವ ಕೆಲಸ ಇದಲ್ಲ ಅನ್ನಿಸಿ ಅವನು ಕಾರಿನಿಂದ ಪೆಟ್ಟಿಗೆ ತಂದು, ಗಾಡಿಯನ್ನು ದೇವರ ಮುಂದಿನ ಮಣೆಯ ಮೇಲಿಟ್ಟ. "ಒಂದ್ಸಲ ಇದರ ಮೇಲೆ ಕೂರಿಸಿ ನೋಡ್ರಿ. ಆಮೇಲೆ ನೀವೇ ಹೇಳ್ರಿ."

ಅತ್ತೆ ಹೂಂ ಅಂದ ಮೇಲೆ, ಆಗಷ್ಟೇ ಮನೆ ಮುಟ್ಟಿದ್ದ ಕರುಣಾ ಕೈತೊಳೆದು ಬಂದು ಭೂತಪ್ಪನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದಳು. ಅವನ ಕೆಳಗಿದ್ದ ಸಣ್ಣ ಗೂಟ ಸೀಟಿನ ತೂತಿಗೆ ಇಳಿದು ಕಚ್ಚಿಕೊಂಡಿತು. ಚಾಚಿದ ಕೈಗಳು ಸರಿಯಾಗಿ ಕುದುರೆಗಳ ಬೆನ್ನಿನ ನೇರಕ್ಕೆ ಬಂದವು. ಗುರುಪ್ರಕಾಶನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

"ನಾ ಹೇಳಿದ್ದು ಸುಳ್ಳೇನ್ರಿ?" ಎಂದ. "ಇವನ್ದೇ ಗಾಡಿ ಇದು. ಇವನಿಗಂತ್ಲೇ ಮಾಡಿದ್ದು. ಈಗಾದ್ರೂ ನಂಬ್ತೀರಾ?"

"ನಂಬ್ದೆ ಇರ್ತೀವಾ?" ಗುಡ್ಡಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಲು ಮಡಚ್ಕಂಡು ಯಾಕಪ್ಪ ಹಿಂಗೆ ಕೂತಿದೀಯ ಅಂತ ದಿನಾ ಕೇಳ್ತಿದ್ದೆ. ವಾಹನ ಇಲ್ದೆ ಕೂತಿದ್ದ, ಪಾಪ."

ಅಷ್ಟರಲ್ಲಿ ಕರುಣಾ ಕುದುರೆಗಳ ಹಣೆಗೆ ಕುಂಕುಮ ಇಟ್ಟು ಆರತಿ ಎತ್ತಿಯಾಗಿತ್ತು. "ಅಲ್ರೀ, ಗಾಡಿ..." ಎಂದು ಬಾಯಿ ತೆರೆದ ಗುರುಪ್ರಕಾಶನಿಗೆ ಈಗಷ್ಟೇ ತಾನಾಡಿದ ಮಾತೇ ಅಡ್ಡ ಬಂತು. ಕಿತ್ತುಕೊಂಡು ಹೊರಡೋಣವೆಂದರೆ, ನಿಜ ಹೇಳಬೇಕಲ್ಲ, ಹೆದರಿಕೆಯೂ ಆಯಿತು. ದಾರಿಯಲ್ಲಿ ಕಾರಿಗೆ ಏನಾದರೂ ಆದರೆ ಯಾರನ್ನು ಕೇಳುವುದು? ಅವನ ಕೈಗಳು ತಾವಾಗಿಯೇ ಮುಗಿದುಕೊಂಡವು.

ಖಾಲಿ ಪೆಟ್ಟಿಗೆಗೆ ಒಂದು ಹೋಳು ಕಾಯಿ, ಎರಡು ಬಾಳೆಹಣ್ಣು ಹಾಕಿಕೊಟ್ಟು, ಕಾರಿನವರೆಗೂ ಬಂದ ಗುಡ್ಡಮ್ಮ ತಗ್ಗಿದ ದನಿಯಲ್ಲಿ ಹೇಳಿದಳು:

"ಅವನ ಸಾಮಾನು ಇನ್ನೇನಾದ್ರೂ ನಿಮ್ಮ ಹತ್ರ ಉಳ್ಕಂಡಿದ್ರೆ ತಂದು ಕೊಟ್ಬಿಡ್ರಿ. ಅವನೇನೂ ಸಿಟ್ಟಾಗಲ್ಲ."